ಕತ್ತೆ ಕಾಯುವುದರ ಬಗ್ಗೆ ಹತ್ತು ನಿಮಿಷ

ತಿಪಟೂರು ಸೀಮೆಯಲ್ಲಿ ಹೊತ್ತಿಗೆ ಬೆಲೆ ಕೊಡುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಒಂಬತ್ತು ಅಂದರೆ ಒಂಬತ್ತಕ್ಕೆ ಹಾಜರು. ಬೀಗ ತೆಗೆಯುವವನು ಹತ್ತಕ್ಕೆ ಬರುತ್ತಾನೆ. ಹಾಗಾಗಿ ತೆಂಗು ಬೆಳೆಗಾರರ ಸಂಘವೊಂದು 'ಕತ್ತೆ ಕಾಯೋದು' ಎಂಬ ಮಾತಿನ ಅರ್ಥ ಮತ್ತು ಮೂಲದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಾಗ ತಕ್ಷಣ ಒಪ್ಪಿದೆ. ಈ ಜನಕ್ಕೆ ಒಮ್ಮೆಯಾದರೂ ಮುಖಕ್ಕೆ ಹೊಡೆದ ಹಾಗೆ ಹೇಳಲೇಬೇಕಿತ್ತು. ಅರ್ಥ ಎಲ್ಲರಿಗೂ ಗೊತ್ತು, ಕಾಲಹರಣ. ಮೂಲವನ್ನು ಮಾತ್ರ ನನ್ನ ಇಂಗ್ಲಿಷ್ ಮೀಡಿಯಂ ಶಾಲೆ ಕಲಿಸಿರಲಿಲ್ಲ.

೧. ಮೂಲ

ಕಿಬ್ಬನಹಳ್ಳಿಯ ಟೀ ಅಂಗಡಿಯವನನ್ನು ಕೇಳಿದೆ.

"ಕತ್ತೆ ಮುಂಗಾಲು ಎರಡೂ ಕಟ್ಟಿ ಬುಟ್ಟಿರ್ತಾರೆ ಸಾರ್. ಅದು ಎಲ್ಲಿಗೂ ಹೋಗಲ್ಲ. ಕಾಯೋನಿಗೆ ಏನ್ ಕೆಲ್ಸ?"

ಬೆಂಚಿನ ಮೇಲಿದ್ದವನು ಒಪ್ಪಲಿಲ್ಲ. "ಸುಮ್ನಿರ್ಲಾ. ಕತ್ತೇನ ಯಾರು ಕದೀತಾರೆ? ಅದಕ್ಕೇ ಬಂದಿದ್ದು ಆ ಮಾತು."

ವಾದ ಬೆಳೆಯಿತು. ಹುಳಿಯಾರು ಬಸ್ಸಿನ ಕಂಡಕ್ಟರ್ ಇಳಿದು ಬಂದು ಒಂದು ಪಕ್ಷ ಹಿಡಿದ. ಬಸ್ಸಿನ ಕಿಟಕಿಯಿಂದ ಒಬ್ಬಾಕೆ ಕೇಳಿದಳು: "ಕತ್ತೆಗೇನೋ ಕಾಲು ಕಟ್ಟವ್ರೆ. ಬಸ್ಸಿಗೇನಾಗೈತಪ್ಪಾ?"

೨. ಅಭ್ಯಾಸ

ಗಡಿಯಾರ ಮುಂದಿಟ್ಟುಕೊಂಡು ಮನೆಯಲ್ಲಿ ಭಾಷಣ ಒಪ್ಪಿಸಿದೆ. ಹನ್ನೊಂದು ನಿಮಿಷವಾಯಿತು. ತಿದ್ದಿ ಮತ್ತೆ ಒಪ್ಪಿಸಿದೆ. ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹತ್ತಕ್ಕೆ ಬಂತು. ಕಾಯಿ ತುರಿಯುತ್ತಿದ್ದ ಹೆಂಡತಿಯನ್ನು ಹೇಗಿತ್ತು ಎಂದು ಕೇಳಿದೆ.

"ಚೆನ್ನಾಗಿತ್ತು. ಬೆಳಗ್ಗೆ ಗ್ಯಾಸ್ ಬುಕ್ ಮಾಡಿ ಅಂದಿದ್ನಲ್ಲ, ಮಾಡಿದ್ರಾ?"

೩. ಹಾರ

ನಮ್ಮ ಕಡೆ ವೇದಿಕೆ ಹತ್ತಿದವರಿಗೆಲ್ಲ ಕೊಬ್ಬರಿ ಹಾರ ಬೀಳಲೇಬೇಕು. ಸಭೆಯ ದಿನ ಹಾರ ಹಾಕುವ ಸರದಿ ನನಗೆ ಬಂದಾಗ ಅಂದೆ: "ನನಗೆ ಬೇಡ. ಎರಡು ನಿಮಿಷ ಉಳಿಯಲಿ."

ಹಾರ ಕೊಟ್ಟಿದ್ದ ಹಾಲ್ಕುರಿಕೆಯ ಬೆಳೆಗಾರ ಎದ್ದು ನಿಂತ. "ನಮ್ ತೋಟದ ಕೊಬ್ಬರಿ ಕಣ್ರೀ. ಒಣಗ್ಲಿ ಅಂತ ವರ್ಷಾನುಗಟ್ಲೆ ಅಟ್ಟದಲ್ಲಿಟ್ಟು ಕಾದಿದೀವಿ. ನಿಮಗೆ ಎರಡು ನಿಮಿಷ ಕಾಯಕ್ಕಾಗಲ್ವಾ?"

ಇದು ತತ್ವದ ಪ್ರಶ್ನೆ ಎಂದೆ. ಅಧ್ಯಕ್ಷರು ನೊಂದು ತಮ್ಮ ಹಾರವನ್ನೂ ತೆಗೆದಿಟ್ಟರು. ಅವರನ್ನು ನೋಡಿ ಉಳಿದವರೂ ತೆಗೆದರು. ಗಂಟೆಗಟ್ಟಲೆ ಸಂಧಾನ ನಡೆಯಿತು. ಕೊನೆಗೆ ನಾನೇ ಕತ್ತು ಬಗ್ಗಿಸಿದೆ. ಆದರೆ ತೆಗೆದಿಟ್ಟವರಿಗೆಲ್ಲ ಮೊದಲಿನಿಂದ ಮತ್ತೆ ಹಾಕಬೇಕಾಯಿತು, ಫೋಟೋ ಸಮೇತ.

ಅಷ್ಟರಲ್ಲಿ ಶಾಮಿಯಾನದ ಹಿಂದಿನಿಂದ ಪಲಾವಿನ ವಾಸನೆ ಬಂತು. ಕುರ್ಚಿಗಳು ಖಾಲಿಯಾಗತೊಡಗಿದವು. ನಾನು ಹಾರ ಸರಿಪಡಿಸಿಕೊಂಡು ಮೈಕಿನತ್ತ ಹೊರಟೆ. ಕಾರ್ಯದರ್ಶಿ ನನಗಿಂತ ಮೊದಲೇ ಅದನ್ನು ಹಿಡಿದಿದ್ದರು.

"ಕತ್ತೆ ಕಾಯೋದು ಅಂದ್ರೆ ಏನು ಅನ್ನೋದನ್ನ ಸಾಹೇಬರು ಬೆಳಗ್ಗಿಂದ ನಮಗೆಲ್ಲ ಚೆನ್ನಾಗಿ ಮನದಟ್ಟು ಮಾಡಿದ್ದಾರೆ. ಇನ್ನು ಭಾಷಣದ ಅಗತ್ಯ ಇಲ್ಲ. ಊಟಕ್ಕೆ ಏಳಿ."