ಪಾಸ್‌ಬುಕ್ಕಿಗೆ ವಾರ್ನಿಷ್

ಸುಟ್ಟ ಮೋಟಾರು ಬಿಚ್ಚಿದ ತಕ್ಷಣ, ಯಾವ ಕಾಯಿಲ್ ಹೋಗಿದೆ ಎಂದು ಮೂಗಿನಿಂದಲೇ ಹೇಳುವವನು ನಾನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಆದರೂ ಹಿಂದೂಪುರದಲ್ಲಿ ಮೂವತ್ತು ವರ್ಷದಿಂದ ಸ್ವಂತ ವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಇಂಥವನಿಗೆ ಫೋನಿನಲ್ಲಿ ನಾಲ್ಕು ಕಾಗದ ಕಳಿಸುವುದು ಯಾವ ಮಹಾ ಕೆಲಸ! ಹೀಗಂದುಕೊಂಡೇ ಕೆಟ್ಟೆ.

ಆ ಕಾಗದದಲ್ಲಿ ಒಂದು ಗುಟ್ಟಿತ್ತು. ಹೋದ ವರ್ಷ ನನ್ನ ಬಲಗೈಗೆ ಆಪರೇಷನ್ ಆಯಿತು. ಹದಿನೈದೇ ದಿನಕ್ಕೆ ಕೈ ಸರಿಹೋಯಿತೆಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಊರು ನಂಬಿತು. ಕೈ ನಂಬಲಿಲ್ಲ. ಕಲ್ಯಾಣದುರ್ಗಕ್ಕೆ ಕೊಟ್ಟಿರುವ ಮಗಳು ಭಾಗ್ಯ ಅಲ್ಲೇ ಒಂದು ಸ್ಕೂಲಿನಲ್ಲಿ ಟೀಚರ್. ನನ್ನ ಅಂಗಡಿಯ ಬಾಡಿಗೆಯನ್ನು ಅವಳು ತನ್ನ ಸಂಬಳದಿಂದ ತಿಂಗಳು ತಿಂಗಳು ನನ್ನ ಖಾತೆಗೆ ಹಾಕತೊಡಗಿದಳು. ಅವಳ ಅತ್ತೆಮನೆಯವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದು. ಕೊಟ್ಟ ಹೆಣ್ಣಿನ ಕೈಯಿಂದ ತಿನ್ನುವ ಅಪ್ಪನೆಂದರೆ ನಾನು ತಲೆ ಎತ್ತುವ ಹಾಗಿಲ್ಲ. ಅವಳಂತೂ ಆ ಮನೆಯಲ್ಲಿ ಬೆಳಗಾದರೆ ಉತ್ತರ ಹೇಳಬೇಕು.

ಕೈ ಸೋತವನಿಗೆ ವೈಂಡಿಂಗ್ ಮೆಷಿನ್ ಬೇಕಾಯಿತು. ಮೆಷಿನ್ನಿಗೆ ಸಾಲ ಬೇಕಾಯಿತು. ಫೋನಿನಲ್ಲೇ ಸಾಲ ಕೊಡುವ ಒಂದು ಆಪ್ ಆರು ತಿಂಗಳ ಬ್ಯಾಂಕ್ ಕಾಗದ ಕೇಳಿತು. ಬ್ಯಾಂಕಿನ ಮೇಡಂ, "ನಂಬರು, ಹೆಸ್ರು ಎಲ್ಲಾ ಮುಚ್ಚಿ ಕಳ್ಸಪ್ಪ, ಕೇಳ್ದಷ್ಟೇ ಕೊಡು" ಎಂದು ಎಚ್ಚರಿಸಿದರು. ಎಚ್ಚರಿಕೆಯಲ್ಲಿ ನನ್ನನ್ನು ಮೀರಿಸುವವರುಂಟೇ? ಜೆರಾಕ್ಸ್ ಅಂಗಡಿಗೂ ಹೋಗಲಿಲ್ಲ. ಅಲ್ಲಿ ಕ್ಯೂನಲ್ಲಿ ನಿಂತವರೆಲ್ಲ ಓದುತ್ತಾರೆ. ಅಸಲಿ ಪಾಸ್‌ಬುಕ್ಕನ್ನೇ ಟೇಬಲ್ಲಿನ ಮೇಲೆ ಬಿಡಿಸಿಟ್ಟು, ಕಾಯಿಲ್‌ಗೆ ಹಚ್ಚುವ ಕಪ್ಪು ವಾರ್ನಿಷನ್ನು ಬ್ರಷ್ಷಿನಲ್ಲಿ ಅದ್ದಿ, ನಂಬರು, ವಿಳಾಸ, ಭಾಗ್ಯಳ ಹೆಸರು ಇದ್ದ ಕಡೆಯೆಲ್ಲ ಶ್ರದ್ಧೆಯಿಂದ ಬಳಿದೆ.

ಹೆಂಡತಿ ಸಾಕಮ್ಮ ಊಟ ತಂದವಳು ನೋಡಿದಳು.

"ಏನ್ರೀ ಇದು? ಪಾಸ್‌ಬುಕ್ಕೂ ಸುಟ್ಟೋಗಿತ್ತಾ?"

"ಗುಟ್ಟು ಕಣೇ, ಗುಟ್ಟು! ಯಾರ್ಗೂ ಕಾಣ್‌ಬಾರ್ದು."

"ನಿಮ್ಗೆ ಕಾಣ್ತದಾ?"

ಕಾಣುತ್ತಿರಲಿಲ್ಲ. ಪುಟಗಳೆಲ್ಲ ಅಂಟಿಕೊಂಡು ಪಾಸ್‌ಬುಕ್ಕು ಒಂದೇ ಹಲಗೆಯಾಗಿತ್ತು. ಕರೆಂಟನ್ನೇ ಒಳಗೆ ಬಿಡದ ವಾರ್ನಿಷ್ ಅದು!

ಹಲಗೆ ಹಿಡಿದು ಮತ್ತೆ ಬ್ಯಾಂಕಿಗೆ ಹೋದೆ. ಮೇಡಂ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಕಾಗದವನ್ನು ಪಾಸ್‌ವರ್ಡ್ ಸಮೇತ ನನ್ನ ಫೋನಿಗೇ ಕಳಿಸಿದರು. ಮುಚ್ಚುವ ಕೆಲಸ ಒಂದು ಸಲ ಆಗಿದೆಯಲ್ಲ, ಇನ್ನೆಷ್ಟು ಸಲ ಮುಚ್ಚುವುದು ಎಂದು ನಾನು ಇದ್ದದ್ದನ್ನು ಇದ್ದ ಹಾಗೇ ಆಪ್‌ಗೆ ಹಾಕಿದೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಫೋಟೋ ನೋಡಲೇ ಎಂದಿತು. ನೋಡು. ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲೇ ಎಂದಿತು. ನೋಡಪ್ಪ. ಮನೆಗೆ ಬಂದ ನೆಂಟರಿಗೂ ನಾನು ಇಷ್ಟು ಉಪಚಾರ ಮಾಡಿದವನಲ್ಲ!

ಕೊನೆಗೆ, ನಿಮ್ಮನ್ನು ಬಲ್ಲ ಒಬ್ಬರನ್ನು ಆರಿಸಿ ಎಂದಿತು. ನನ್ನ ಫೋನಿನಲ್ಲಿ ಮನುಷ್ಯರ ಹೆಸರಿಲ್ಲ. ಚಿಲಮತ್ತೂರು ಮೂರು ಎಚ್‌ಪಿ. ಗೋರಂಟ್ಲ ಐದು ಎಚ್‌ಪಿ. ಲೇಪಾಕ್ಷಿ ಸಬ್‌ಮರ್ಸಿಬಲ್. ಹೆಸರು ಮರೆಯುತ್ತೇನೆ, ಕಟ್ಟಿಕೊಟ್ಟ ಮೋಟಾರು ಮರೆಯುವುದಿಲ್ಲ. ಸಾಲ ಸಿಗಬೇಕಾದರೆ ದೊಡ್ಡ ಮನುಷ್ಯರ ಹೆಸರು ಕೊಡಬೇಕು. ದೊಡ್ಡ ಮೋಟಾರಿನವನೇ ದೊಡ್ಡ ಮನುಷ್ಯ. ಇದ್ದುದರಲ್ಲೆಲ್ಲ ದೊಡ್ಡದು ಕಲ್ಯಾಣದುರ್ಗ ಹತ್ತು ಎಚ್‌ಪಿ. ಒತ್ತಿದೆ.

ಒತ್ತಿದ ಮೇಲೆ ನೆನಪಾಯಿತು. ಹತ್ತು ಎಚ್‌ಪಿ ಎಂದರೆ ಭಾಗ್ಯಳ ಮಾವ! ಸಂಬಂಧ ಕೂಡುವುದಕ್ಕೆ ಮುಂಚೆ ಅವರ ಮೋಟಾರು ಕಟ್ಟಿದ್ದೆ. ಬೀಗರಾದ ಮೇಲೂ ಹೆಸರು ಬದಲಿಸಿರಲಿಲ್ಲ.

ಹತ್ತು ನಿಮಿಷಕ್ಕೆ ಫೋನು ಬಂತು.

"ಏಂಟಿ ಬೀಗ್ರೇ, ಬಾಗುನ್ನಾರಾ, ಚೆನ್ನಾಗಿದ್ದೀರಾ? ಯಾರೋ ಸಾಲದ ಆಪ್ನೋರು, ಇವ್ರು ನಿಮ್ಗೆ ಗೊತ್ತಾ ಅಂತ ಕೇಳಿ, ನಿಮ್ ಬ್ಯಾಂಕ್ ಪೇಪರ್ ಎಲ್ಲಾ ನನ್ ಫೋನಿಗೆ ಕಳ್ಸವ್ರೆ."

"ನೋಡ್‌ಬ್ಯಾಡ್ರಿ ಬೀಗ್ರೇ! ವೈರಸ್ಸು!"

"ನೋಡ್ಬುಟ್ಟೆ. ನಮ್ ಸೊಸೆ ಹೆಸ್ರು ಆರು ಸಲ ಐತಲ್ಲ?"

"ಈಗ್ಲೇ ಬತ್ತೀನಿ ಇರಿ."

ಬಸ್ಸು ಕಲ್ಯಾಣದುರ್ಗ ಮುಟ್ಟುವಷ್ಟರಲ್ಲಿ ಏಳು ಸುಳ್ಳು ತಯಾರಾಗಿದ್ದವು. ಬೀಗರು ಜಗಲಿಯಲ್ಲೇ ಕೂತಿದ್ದರು. ಪಕ್ಕದಲ್ಲಿ ಅಳಿಯ. ನಾನು ಮೊದಲನೆಯದನ್ನು ಬಿಟ್ಟೆ.

"ಆ ಭಾಗ್ಯ ನಮ್ ಭಾಗ್ಯ ಅಲ್ಲ ಬೀಗ್ರೇ. ಯಾರೋ ಗಿರಾಕಿ."

"ಓಹೋ. ಆ ಗಿರಾಕಿಗೂ ನಮ್ ಮನೆ ಹೆಸ್ರೇ ಐತಲ್ಲ!"

ಉಳಿದ ಆರು ಸುಳ್ಳು ಗಂಟಲಲ್ಲೇ ಉಳಿದವು. ಕಾಫಿ ತಂದ ಭಾಗ್ಯ ಲೋಟ ಕೆಳಗಿಟ್ಟು ನೇರವಾಗಿ ನಿಂತಳು.

"ನಾನೇ ಹಾಕಿದ್ದು ಮಾವ. ನನ್ ಸಂಬ್ಳ. ಅಪ್ಪಂಗೆ ಕೈ ಆಗ್ತಿರ್ಲಿಲ್ಲ."

ಬೀಗರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. "ಕೇಳಿದ್ರೆ ನಾನೇ ಕೊಡ್ತಿದ್ದೆ ಕಣಪ್ಪ" ಎಂದರು. ಹಿಂದೂಪುರದಲ್ಲಿ ಬಸ್ಸು ಹತ್ತಿದಾಗ ಬೀಗರಾಗಿದ್ದ ನಾನು ಅಷ್ಟರಲ್ಲಿ ಕಣಪ್ಪ ಆಗಿದ್ದೆ. ಆಮೇಲೆ ಮಗನ ಕಡೆ ತಿರುಗಿ, "ಮುಂದಿನ್ ತಿಂಗ್ಳಿಂದ ಅವ್ಳ ಸಂಬ್ಳದ ಮೆಸೇಜು ನನ್ ಫೋನಿಗೇ ಬರ್ಲಿ" ಎಂದರು. ಅಳಿಯ ತಲೆಯಾಡಿಸಿದ. ಭಾಗ್ಯ ನಾನು ಮುಟ್ಟದ ಕಾಫಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ಗೇಟಿನ ತನಕ ಬಂದಳು.

"ಮುಚ್ಚಿ ಕಳ್ಸು ಅಂತ ಬ್ಯಾಂಕ್ನೋರು ಹೇಳಿರ್ಲಿಲ್ವಾ?"

"ಹೇಳಿದ್ರು ಕಣಮ್ಮ. ನನ್ ಪೇಪರ್ ತಾನೇ ಅಂತ..."

"ಅದ್ರಾಗೆ ನಾನೂ ಇದ್ದೆ ಕಣಪ್ಪ."

ಗೇಟು ಎಳೆದುಕೊಂಡು ಹೊರಟೆ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಇನ್ನಾರ ಕಣ್ಣಿಗೂ ಬೀಳುವ ಮುಂಚೆ ಆ ಅರ್ಜಿಯನ್ನು ಅಳಿಸಿಬಿಡೋಣವೆಂದು ಹೊರಟೆ. ಅಳಿಸಬೇಕಾದರೆ, ನೀವು ಆರಿಸಿದವರ ಫೋನಿಗೆ ಬಂದಿರುವ ಓಟಿಪಿ ಹಾಕಿ ಎಂದಿತು ಆಪ್. ಅರ್ಧ ಗಂಟೆ ಫೋನನ್ನು ಅಂಗೈಯಲ್ಲಿ ತಿರುಗಿಸಿದೆ. ಎರಡು ಬಸ್ಸು ಹೋದವು. ಕೊನೆಗೆ ನಾಚಿಕೆ ಬಿಟ್ಟು ಬೀಗರಿಗೆ ಫೋನು ಮಾಡಿದೆ.

"ನಿಮ್ ಫೋನಿಗೆ ಒಂದು ನಂಬರು ಬಂದಿರ್ತದೆ. ವಸಿ ಹೇಳ್ತೀರಾ?"

"ಅದನ್ನ ಯಾರ್ಗೂ ಹೇಳ್‌ಬಾರ್ದು. ನೆಂಟ್ರು ಕೇಳಿದ್ರೂ ಹೇಳ್‌ಬಾರ್ದು ಅಂತ ನಮ್ ಸೊಸೆ ಹೇಳ್ಕೊಟ್ಟವ್ಳೆ."

ಫೋನಿಟ್ಟರು.

ಆ ಹುಡುಗಿಯನ್ನು ಡಿಗ್ರಿ ತನಕ ಓದಿಸಿದ್ದು ನಾನೇ. ಅವಳ ಹತ್ತಿರ ಪಾಠ ಕಲಿತವರು ಮಾತ್ರ ಬೀಗರು!