ಚೆನ್ನಬಸವ್ವ ಕುರ್ಚಿ ಬಿಟ್ಟೆದ್ದ ಪರ್ವ

ಗಗನದಲ್ಲಿ ಸೂರ್ಯನೂ, ಹಂದರದ ಕೆಳಗೆ ಹುಗ್ಗಿಗಾಗಿ ಕಾದು ಕುಳಿತ ಸಮಸ್ತ ಬೀಗರೂ ಸಾಕ್ಷಿಯಾಗಿರಲು, ಪೂರ್ವಕಾಲದಲ್ಲೊಮ್ಮೆ ಉಡಿ ತುಂಬಿಸಿಕೊಂಡ ನವವಧು ಕಸ್ತೂರಿಯು ತನ್ನ ತಾಯಿಗೆ ಘೋರವಾದೊಂದು ವಚನವನ್ನಿತ್ತಳು: "ಅತ್ತಿ ಮನಿ ಮಾತು ಹೊರಗಿನವ್ರ ಮುಂದ ಆಡಂಗಿಲ್ಲವ್ವಾ, ನಿನ್ನಾಣಿ."

ಎಲೈ ಕಲಿಯುಗವೇ, ಮಿಕ್ಸರ್‌ಗರ್ಜನಮುಖರಿತವೇ, ಒಂದೇ ಫ್ಯಾನಿನ ಕೆಳಗೆ ಇಡೀ ಸಂಸಾರವನ್ನು ಮಲಗಿಸುವ ಮಹಾಮಾಯೆಯೇ, ಆ ವಚನದ ಗತಿಯೇನಾಯಿತೆಂದು ಹೇಳಲು ನಾಲಿಗೆಗೆ ಬಲ ಕೊಡು! ನಸುಕಿನಲ್ಲೆದ್ದು ಡಬ್ಬಿ ಕಟ್ಟಿ, ಮಕ್ಕಳ ಕಾಲುಚೀಲದ ಜೋಡಿ ಹುಡುಕಿ, ದಿನವಿಡೀ ದುಡಿದು, ಮಲಗಲೆಂದು ಹೋಗಿಯೂ ಮಲಗಲಾರದ ವೀರನಾರಿಯ ಕಥೆಯಿದು.

ಗದಗಿನ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ, ಮನೋರೋಗತಜ್ಞೆಯೂ ಅಸಂಖ್ಯಚಿತ್ತದುರ್ಗಭೇದಿನಿಯೂ ಆದ ಡಾಕ್ಟರ್ ವನಮಾಲಾ ಹಂಪಿಹೊಳಿಯ ಸನ್ನಿಧಿಗೆ ಕಸ್ತೂರಿ ಬಂದಳು. ಬಂದಳೇನು, ಅವಳ ಅತ್ತೆ ಎಳೆದು ತಂದಳು. ರೋಗಿಯ ಕುರ್ಚಿಯಲ್ಲಿ ರೋಗಿ ಕೂರಲಿಲ್ಲ. ಅತ್ತೆ ಚೆನ್ನಬಸವ್ವ ಮೇರುಪರ್ವತದಂತೆ ಅಲ್ಲಿ ನೆಲೆಗೊಂಡಳು. ಕಸ್ತೂರಿ ಗೋಡೆಗಂಟಿ ನಿಂತಳು.

"ಏನ್ ತ್ರಾಸ ಐತಿ ತಂಗಿ?" ಎಂದು ವೈದ್ಯೆ ಕಸ್ತೂರಿಯತ್ತ ಮೊದಲ ಬಾಣ ಬಿಟ್ಟಳು.

ಚೆನ್ನಬಸವ್ವ ಅದನ್ನು ನಡುದಾರಿಯಲ್ಲೇ ತುಂಡರಿಸಿದಳು. "ತ್ರಾಸ ಆಕಿಗಲ್ರಿ, ನನಗ! ನನ್ನ ಮಗ ರಾತ್ರಿ ಬಸ್ ಹೊಡೀತಾನ. ಅತ್ತಿ-ಸೊಸಿ ಒಂದ ಕೋಲ್ಯಾಗ ಮಲಗ್ತೀವಿ. ಈಕಿ ನಡುರಾತ್ರ್ಯಾಗ ಎದ್ದು ಕುಂತು ನನ್ನ ಮಾರೀನ ನೋಡ್ತಾಳ್ರಿ ಬಾಯಾರ! ಕೈಯಾಗ ದಿಂಬು ಬ್ಯಾರೆ! ಹುಚ್ಚು ಹಿಡದೈತಿ ಅಂತ ಬರದು ಕೊಡ್ರಿ. ತವರಿಗೆ ಬಿಟ್ಟು ಬರ್ತೀನಿ. ಮಕ್ಳು ನನ್ನ ಕಡೇನ ಇರ್ಲಿ."

ಮಕ್ಕಳೆಂಬ ಶಬ್ದಕ್ಕೆ ಕಸ್ತೂರಿಯ ಬೆರಳುಗಳು ಸೆರಗನ್ನು ಹಿಂಡಿದವು.

"ಆಕಿ ಬಾಯಿಲೇ ಕೇಳಬೇಕ್ರಿ ಅಮ್ಮಾರ. ನೀವು ಒಂದೀಟು ಹೊರಗ ಕೂಡ್ರಿ."

"ಹೊರಗ? ಊರ ಮಂದಿ ಬಾಣಂತನಾ ಮಾಡಿದಾಕಿ ನಾನು! ನೆಗೆಣ್ಯಾರನ್ನೆಲ್ಲಾ ಒಂದ ಒಲಿ ಮುಂದ ಆಳಿದಾಕಿ! ಆಕಿ ತಲ್ಯಾಗ ಏನೈತಿ ಅಂತ ಆಕಿಗಿಂತ ನನಗ ಚೊಲೋ ಗೊತ್ತೈತಿ."

"ನಾನೂ ಸುಮ್ನ ಕುಂತಾಕಿ ಅಲ್ರಿ. ಈ ಟೇಬಲ್ ಮುಂದ ಪೈಲ್ವಾನರು ಅತ್ತಾರ, ಫೌಜದಾರರು ಅತ್ತಾರ!"

"ಅಳ್ಲಿ ಬಿಡ್ರಿ. ನಾ ಏಳಂಗಿಲ್ಲ."

ಆಗ ವೈದ್ಯೆ ವಿನಯಾಸ್ತ್ರವನ್ನು ಪ್ರಯೋಗಿಸಿದಳು. ಅದು ಕುರ್ಚಿಯ ಕಾಲಿಗೆ ತಾಗಿ ಬಿತ್ತು. ನಿಯಮಾಸ್ತ್ರವು ಚೆನ್ನಬಸವ್ವನ ಆಕಳಿಕೆಯಲ್ಲಿ ಲೀನವಾಯಿತು. ಹೊರಗೆ ಚಹಾ ಬಂದಿದೆಯೆಂದರೆ, ಅದನ್ನು ಒಳಗೇ ತರಿಸಿಕೊಂಡು ಕಪ್ಪು-ಬಸಿ ಸಹಿತ ನೆಕ್ಕಿ ಇಟ್ಟಳು. ದೇವತೆಗಳು ನಡುಗಿದರು, ಹೊರಗಿನ ಸರದಿಯವರು ಬಾಗಿಲು ಬಡಿದರು. ಕಟ್ಟಕಡೆಗೆ ಅಗಾಧಬುದ್ಧಿಯಾದ ವನಮಾಲೆ ಪಾಶುಪತವನ್ನೇ ಹೂಡಿದಳು.

"ಅಮ್ಮಾರ, ನಿಮ್ಮ ಮಾರಿ ಯಾಕೋ ಭಾಳ ಇಳದೈತಿ. ಬಿಪಿ ತೋರಿಸೀರೇನು? ಹೊರಗ ಸಿಸ್ಟರ್ ಅದಾರ."

ಮೇರು ಕದಲಿತು. "ನೋಡ್ರಿ! ಮನ್ಯಾಗ ಒಬ್ಬರರೆ ಕೇಳ್ಯಾರೇನು ಇದನ್ನ?" ಎನ್ನುತ್ತ, ತೋಳು ಮುಂಚಿತವಾಗಿಯೇ ಏರಿಸಿಕೊಂಡು ಚೆನ್ನಬಸವ್ವ ನಡೆದಳು.

ಬಾಗಿಲು ಮುಚ್ಚಿತು. "ಈಗ ಹೇಳವಾ."

"ಏನಿಲ್ರಿ. ಎಲ್ಲಾ ಆರಾಮ ಐತ್ರಿ."

"ನೀ ಹೇಳಲಿಲ್ಲಂದ್ರ, ಆಕಿ ಹೇಳಿದ್ದನ್ನೇ ನಾ ಬರಕೋಬೇಕಾಕ್ಕೈತಿ."

ಒಂದು ಕಡೆ ಉಡಿ ತುಂಬಿದ ತಾಯಿ, ಇನ್ನೊಂದು ಕಡೆ ಹಡೆದ ಮಕ್ಕಳು. ನಡುವೆ ನಿದ್ದೆಗೆಟ್ಟ ಕೆಂಗಣ್ಣುಗಳ ಕಸ್ತೂರಿ. ಯಾವ ಮಹಾರಹಸ್ಯವು ಕುಲವನ್ನೇ ಸುಟ್ಟೀತೆಂದು ವೈದ್ಯೆ ಉಸಿರು ಬಿಗಿಹಿಡಿದಳೋ, ಆ ರಹಸ್ಯವು ತುಟಿ ದಾಟಿತು.

"ಅತ್ತಿ ಗೊರಕಿ ಹೊಡೀತಾರ್ರಿ."

"ಮತ್ತ?"

"ಭಾಳ ಜೋರ್ರಿ. ದಿಂಬು ಕಿವಿಗೆ ಒತ್ಕೊಂಡು ಕುಂದರ್ತೀನಿ. ಯಾವಾಗ ನಿಲ್ತೈತಿ ಅಂತ ನೋಡ್ಕೋತ."

"ಮತ್ತೇನು?"

"ಅಷ್ಟ ರೀ."

ಬಿಪಿ ಸರಿಯಿದೆಯೆಂಬ ಅವಮಾನದೊಂದಿಗೆ ಚೆನ್ನಬಸವ್ವ ಮರಳಿದಳು.

"ಅಮ್ಮಾರ, ನಿಮ್ಮ ಸೊಸಿಗೆ ಹುಚ್ಚಿಲ್ಲ, ನಿದ್ದಿ ಇಲ್ಲ," ಎಂದಳು ವೈದ್ಯೆ. "ನೀವು ಗೊರಕಿ ಹೊಡೀತೀರೇನು?"

"ನಾನಾ? ನಾ ರಾತ್ರಿ ಕಣ್ಣ ಮುಚ್ಚಂಗಿಲ್ರಿ! ಯಾರ್ ಹೇಳಿದ್ರು?"

ವೈದ್ಯೆ ಪೆನ್ನಿನ ಮುಚ್ಚಳ ಹುಡುಕತೊಡಗಿದಳು.

"ನಾನೇ ಹೇಳೇನ್ರಿ, ಅತ್ತಿ," ಎಂದಳು ಕಸ್ತೂರಿ.

ಚೆನ್ನಬಸವ್ವ ಅವಳನ್ನು ದಹಿಸುವಂತೆ ನೋಡಿ ಶಾಪವಿತ್ತಳು. "ಮನಿ ಮಾತು ಮಹಡಿ ಮ್ಯಾಲ ತಂದೀ? ನಡೀ ಮನಿಗೆ! ಇನ್ನ ನನ್ನ ಕೋಲ್ಯಾಗ ಕಾಲಿಡಬ್ಯಾಡ. ನಿನ್ನ ಮಕ್ಕಳ ಜೋಡಿ ಪಡಸಾಲ್ಯಾಗ ಬಿದ್ಕೋ!"

ಅಂದು ಕಸ್ತೂರಿ ಪಡಸಾಲೆಯಲ್ಲಿ ಮಲಗಿ ನಿದ್ದೆ ಮಾಡಿದಳು. ತಾಯಿಗೆ ಕೊಟ್ಟ ಮಾತು ಮುರಿದಿತ್ತು.