ಕ್ಲಬ್ಬಿನ ಎದುರಿನ ಮನೆ

ಮನೆ ಕೊಳ್ಳುವವರು ಗಂಡಸರು, ದಿನವಿಡೀ ಅದರಲ್ಲಿ ಇರುವವರು ಹೆಂಗಸರು. ಹೀಗಾಗಿ ಲೋಕದ ಎಷ್ಟೋ ಮನೆಗಳನ್ನು ಅಲ್ಲಿ ಇರದವರೇ ಆರಿಸಿದ್ದಾರೆ ಎಂದು ನನ್ನ ಅನಿಸಿಕೆ. ನಮ್ಮ ಮನೆ ಮಾತ್ರ ಹಾಗಲ್ಲ. ಶಹಾಬಾದಿನಲ್ಲಿ ಕ್ಲಬ್ಬಿನ ಎದುರಿನ ಆ ಬಂಗಲೆಯನ್ನು ಆರಿಸಿದವಳು ನಾನು. ಮೊಮ್ಮಕ್ಕಳೇ, ನೀವು ನಗುತ್ತೀರಿ ಎಂದು ಗೊತ್ತು. ಹಾಲಿನವನು ಬಂದರೆ ಬಾಗಿಲ ಹಿಂದಿನಿಂದಲೇ ಪಾತ್ರೆ ಸರಿಸುವ ಅಜ್ಜಿ ಬಂಗಲೆ ಆರಿಸಿದಳೇ ಎಂದು. ಆರಿಸಿದೆ, ಅದೂ ಒಂದೇ ಮಾತಿನಲ್ಲಿ.

ನಾನು ಆಡಕಿ ಎಂಬ ಹಳ್ಳಿಯ ಹುಡುಗಿ. ಅಲ್ಲಿಯ ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಕ್ಕದ ಹುಡುಗಿಯ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಎದ್ದು ನಿಂತು ಹೇಳಿ ಶಾಬಾಸ್ ಅನಿಸಿಕೊಳ್ಳುತ್ತಿದ್ದಳು. ಅದರಿಂದ ನನಗೆ ದುಃಖವೇನೂ ಆಗಲಿಲ್ಲ. ನಿಮ್ಮ ಮುತ್ಯಾನನ್ನು ಮದುವೆಯಾಗಿ ಶಹಾಬಾದಿಗೆ ಬಂದೆ. ಅವರು ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರಿ. ನಮ್ಮ ಓಣಿಯಲ್ಲಿ ಗೋಡೆ ಪರ್ಸಿ, ಮಾಳಿಗೆ ಪರ್ಸಿ, ಕೂಡುವ ಕಟ್ಟೆ ಪರ್ಸಿ, ಎಮ್ಮೆ ನೀರು ಕುಡಿಯುವ ದೋಣಿಯೂ ಪರ್ಸಿ. ಹಗಲೆಲ್ಲ ಕಲ್ಲು ಮಾರಿ ಬಂದ ಮನುಷ್ಯನಿಗೆ ಮನೆಯಲ್ಲೂ ಅಂಗಡಿಯಲ್ಲೇ ಕೂತಂತೆ ಅನಿಸುತ್ತಿತ್ತೋ ಏನೋ. ಇಟ್ಟಿಗೆ ಗಚ್ಚಿನ ಬಂಗಲೆಯಲ್ಲಿ ಇರಬೇಕು ಎಂಬುದು ಅವರ ಆಸೆ. ಅಂಥ ಬಂಗಲೆಗಳಿದ್ದದ್ದು ಕಾರ್ಖಾನೆಯ ಸಾಹೇಬರ ಕ್ಲಬ್ಬಿನ ಸುತ್ತ. ಸಂಜೆಯಾದರೆ ಸಾಹೇಬರು ಬಿಳಿ ಚಣ್ಣ ಹಾಕಿ ಚೆಂಡಾಡುತ್ತಿದ್ದರು. ಅವರ ಹೆಂಡಂದಿರು ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದರು, ತಲೆಯ ಮೇಲೆ ಸೆರಗಿಲ್ಲದೆ. ಅಂಥವರ ಕಣ್ಣೆದುರು ದಿನಾ ಬಾಳಬೇಕು ಎಂದು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಕ್ಲಬ್ಬಿನ ಎದುರಿಗೇ ಇದ್ದ ಮುಪ್ಪಿನ ಪೇಶ್ಕಾರ ಸಾಹೇಬರು, ನಿಜಾಮರ ಕಚೇರಿಯಲ್ಲಿ ಕಾಗದಪತ್ರ ನೋಡುವ ನೌಕರಿ ಹೋದ ಮೇಲೆ, ಮನೆ ಮಾರಿ ಹೈದರಾಬಾದಿನ ಮಗಳ ಬಳಿ ಹೋಗಲು ತಯಾರಾದರು. ಮುತ್ಯಾ ಹೋಗಿ ಮುಂದಿನ ದಿವಾಣಖಾನೆ ನೋಡಿ ಬಂದರು. ಉಳಿದ ಅರ್ಧ ಮನೆ ಜನಾನಾ, ಹೆಂಗಸರ ಭಾಗ. ಅಲ್ಲಿಗೆ ಪರಗಂಡಸರು ಕಾಲಿಡುವಂತಿಲ್ಲ, ಮನೆ ಕೊಳ್ಳುವವರಾದರೂ ಅಷ್ಟೇ.

"ಅರ್ಧಾ ಮನಿ ನಾ ನೋಡೀನಿ, ಉಳದದ್ದು ನೀ ನೋಡಬೇಕು," ಎಂದರು. "ಚಲೋ ಇಲ್ಲಂದ್ರ ಇಲ್ಲ ಅನ್ನು. ನಾ ಬಿಟ್ಟಬಿಡ್ತೀನಿ."

ಅಂದರೆ ಬೇಡ ಎನ್ನುವ ಅಧಿಕಾರ ನನ್ನ ಕೈಗೆ ಬಂತು, ಜೀವಮಾನದಲ್ಲಿ ಮೊದಲ ಸಲ. ಗೋಡೆ ಬಿರಿದಿದೆ, ಅಡುಗೆಮನೆಯ ಹೊಗೆ ಹೊರಗೆ ಹೋಗುವುದಿಲ್ಲ, ಏನಾದರೊಂದು ಕೊರತೆ ಹುಡುಕಿಯೇ ತೀರಬೇಕು ಎಂದು ನಿಶ್ಚಯಿಸಿಕೊಂಡು ಹೋದೆ.

ಪರದೆ ಸರಿಸಿ ಒಳಗೆ ಕರೆದವರು ಪೇಶ್ಕಾರರ ಬೀಬಿ. "ಬಾ ಬೇಟಿ, ಕುಂದ್ರು. ಸೆರಗು ಅಷ್ಟ್ಯಾಕ ಎಳಕೋತಿ? ಇಲ್ಲಿ ನಮ್ಮ ಸಾಹೇಬರು ಬರಬೇಕಾದ್ರೂ ಕೆಮ್ಮಿ ಬರ್ತಾರ."

ಗೋಡೆ ಬಿರಿದಿರಲಿಲ್ಲ. ಹೊಗೆ ಮರ್ಯಾದೆಯಿಂದ ಹೊರಗೆ ಹೋಗುತ್ತಿತ್ತು. ಬಾವಿಯ ನೀರು ನಮ್ಮ ಓಣಿಯದಕ್ಕಿಂತ ಸಿಹಿ. ಕೊರತೆ ಸಿಗುವ ಆಸೆಯನ್ನು ನಾನು ಬಿಡುತ್ತಿದ್ದಾಗ ಅವರು ರಸ್ತೆಗೆ ಹೊಂದಿದ ಕೋಣೆಗೆ ಕರೆದೊಯ್ದರು. ಅಲ್ಲಿ ಗೋಡೆಯಲ್ಲಿ ಸಣ್ಣ ಸಣ್ಣ ತೂತು ಕೊರೆದ ಕಲ್ಲಿನ ಜಾಲಂದ್ರ, ಅದಕ್ಕೆ ಒತ್ತಿ ಹಾಕಿದ ಒಂದು ಮಂಚ.

"ಕಣ್ಣು ಹಚ್ಚಿ ನೋಡು," ಎಂದರು. ನೋಡಿದರೆ ಇಡೀ ಕ್ಲಬ್ಬು ಕೈಗೆ ಸಿಗುವಂತಿತ್ತು.

"ಆ ಕುಳ್ಳ ಸಾಹೇಬ ಹಾನ ನೋಡು, ತಾ ಸೋತ್ರ ಚೆಂಡು ಆರಿಸೋ ಮುದುಕಗ ಬೈತಾನ. ಆ ನೀಲಿ ಸೀರಿಯಾಕಿ ಗಂಡ ಬರೋತನಕ ನಗತಾಳ, ಬಂದ ಮ್ಯಾಲ ನಗಂಗಿಲ್ಲ. ನನಗ ಎಲ್ಲಾರೂ ಗೊತ್ತು. ನಾ ಯಾರಿಗೂ ಗೊತ್ತಿಲ್ಲ." ಬೀಬಿ ಜಾಲಂದ್ರದ ಧೂಳನ್ನು ಬೆರಳಿನಿಂದ ಒರೆಸಿದರು. "ಮಗಳ ಮನಿ ಮ್ಯಾಲಿನ ಮಜಲಿನಾಗ ಅದ. ಕಿಡಕಿ ತೆಗದ್ರ ಆಕಾಶ ಅಷ್ಟೇ ಕಾಣತದಂತ. ಆಕಾಶದಾಗ ಏನು ನೋಡೋದದ, ಬೇಟಿ?"

ನಾನು ಮಂಚದ ಮೇಲೆ ಅವರ ಪಕ್ಕದಲ್ಲಿ ಕೂತು ಮತ್ತೊಮ್ಮೆ ತೂತಿಗೆ ಕಣ್ಣು ಹಚ್ಚಿದೆ. ಅವರಿಗಾಗಿ ಮರುಗಿದ್ದು ನಿಜ. ಆದರೆ ಅದೇ ಹೊತ್ತಿಗೆ ಒಳಗೊಳಗೇ ಒಂದು ಆಸೆಯೂ ಎದ್ದಿತು. ಲೋಕವನ್ನು ನೋಡಬೇಕು, ಲೋಕ ತನ್ನನ್ನು ನೋಡಬಾರದು ಎನ್ನುವವಳಿಗೆಂದೇ ಯಾರೋ ಕಟ್ಟಿಸಿದ ಮನೆ ಅದು.

ತಿರುಗಿ ಬಂದಾಗ ಮುತ್ಯಾ, "ಒಳಗ ಹ್ಯಾಂಗದ?" ಎಂದು ಕೇಳಿದರು. ಜಾಲಂದ್ರದ ಮಾತು ತುಟಿಯ ತನಕ ಬಂತು. ಪರರ ಚೆಂಡಾಟ ನೋಡುವ ಆಸೆ ಎಂದು ಗಂಡನ ಮುಂದೆ ಹೇಗೆ ಹೇಳುವುದು? ನೆಲ ನೋಡುತ್ತ, "ರಸ್ತಾ ಕಡಿ ಖೋಲಿ ಭಾಳ ಚಲೋ ಅದರಿ, ಗಾಳಿ ಬೆಳಕ ಬರ್ತದ," ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಮದುವೆಯಾದಾಗಿನಿಂದ ನಾನು ಯಾವುದನ್ನೂ ಭಾಳ ಚಲೋ ಎಂದವಳಲ್ಲ.

ಬಂಗಲೆ ನಮ್ಮದಾಯಿತು. ಬೀಬಿ ಹೊರಟ ದಿನ ಟಾಂಗಾದ ಪರದೆಯೊಳಗಿನಿಂದ ಅವರ ಕೈ ಮಾತ್ರ ಹೊರಬಂದು ನನ್ನ ಗಲ್ಲ ಮುಟ್ಟಿತು. ಮನೆಗೆ ಸುಣ್ಣ ಬಳಿಸುವ ತನಕ ನಾನು ತವರಿಗೆ ಹೋದೆ. ಮರಳಿದಾಗ ಮುತ್ಯಾ ನನ್ನನ್ನು ನೇರ ಆ ಕೋಣೆಗೇ ಕರೆದೊಯ್ದರು. ಜಾಲಂದ್ರ ಇರಲಿಲ್ಲ. ಅದಿದ್ದ ಗೋಡೆಯೂ ಇರಲಿಲ್ಲ. ಎತ್ತಿನ ಬಂಡಿ ನುಗ್ಗುವಂಥ ಕಿಡಕಿ, ಅದರ ಮುಂದೆ ಎರಡು ಬೆತ್ತದ ಕುರ್ಚಿ.

"ಗಾಳಿ ಬೆಳಕ ಅಂದಿದ್ದಿಯಲ್ಲ," ಎಂದರು. "ಆ ಕಲ್ಲು ಎರಡಕ್ಕೂ ಅಡ್ಡ ಇತ್ತು. ನಿನಗಂತನ ತಗಿಸಿದೆ."

ಅವರ ಮುಖದ ಸಂತೋಷ ನೋಡಿ ಏನು ಹೇಳಲಿ? ಚಲೋ ಆಯಿತು ಎಂದೆ. ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡೆ. ಹೊಗೆಯ ನೆಪ ಹೇಳುವಂತೆಯೂ ಇರಲಿಲ್ಲ, ಆ ಮನೆಯಲ್ಲಿ. ಅತ್ತದ್ದು ನನಗಾಗಿಯೋ ಬೀಬಿಗಾಗಿಯೋ ಇಂದಿಗೂ ತಿಳಿಯದು.

ಸಂಜೆ ಕುರ್ಚಿಯಲ್ಲಿ ಕೂಡದೆ ಗತಿ ಇರಲಿಲ್ಲ. ಮಾಡಿಸಿದವರು ಪಕ್ಕದಲ್ಲೇ ಕಾಯುತ್ತಿದ್ದರು. ಹಣೆಯ ತನಕ ಸೆರಗೆಳೆದು, ಕ್ಲಬ್ಬಿಗೆ ಬೆನ್ನು ಮಾಡಿ ಕೂತೆ. ದಿನಾ ಹಾಗೆಯೇ. ಕ್ಲಬ್ಬಿನ ಅಂಗಳ ಗುಡಿಸಿ ನಮ್ಮಲ್ಲಿಗೂ ಕೆಲಸಕ್ಕೆ ಬರುತ್ತಿದ್ದ ಶರಣವ್ವ ಒಂದು ದಿನ ಬಾಯಿಗೆ ಸೆರಗು ಹಿಡಿದು ಹೇಳಿದಳು: "ಅವ್ವಾರ, ಅಲ್ಲಿ ಎಲ್ಲಾರೂ ಆಟ ಬಿಟ್ಟು ನಿಮ್ಮ ಬೆನ್ನ ನೋಡಾಕತ್ತಾರ್ರಿ. ಈಕಿಗಿ ನಮ್ಮ ಮ್ಯಾಲ ಏನು ಸಿಟ್ಟದ ಅಂತ ಕೇಳ್ತಾರ. ಮಾರಿ ಹ್ಯಾಂಗದ ಅಂತ ಪಂತಾನೂ ಕಟ್ಯಾರ."

ಇಡೀ ಶಹಾಬಾದಿನಲ್ಲಿ ನನ್ನಷ್ಟು ನೋಡಿಸಿಕೊಂಡ ಹೆಂಗಸು ಇನ್ನೊಬ್ಬಳಿರಲಿಲ್ಲ. ಆ ಸಂಜೆ ಬಸವಣ್ಣನನ್ನು ನೆನೆದು ಕುರ್ಚಿ ತಿರುಗಿಸಿದೆ. ಎಲ್ಲರೂ ಒಮ್ಮೆ ನೋಡಿದರು. ಒಬ್ಬಾಕೆ ತಲೆ ಬಾಗಿಸಿದಳು. ಆಮೇಲೆ ಚೆಂಡಿನ ಕಡೆ ತಿರುಗಿದರು. ಮರುದಿನ ಯಾರೂ ನೋಡಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಬಯಸಿದ್ದು ಅದನ್ನೇ.

ಆದರೂ ಆ ವಾರವೇ ಮದುವೆಯ ಹಸಿರು ಇಳಕಲ್ ಸೀರೆ ಉಟ್ಟು ಕಿಡಕಿಯಲ್ಲಿ ಕೂತಿದ್ದೆ. ಇವತ್ತೇನು ಹಬ್ಬ ಎಂದು ನಿಮ್ಮ ಮುತ್ಯಾ ಕೇಳಿದರು. ಉಳಿದ ಸೀರೆ ಒಣಗಿಲ್ಲ ಎಂದೆ.